ಬುಡ್ಡಿಯ ಠಸ್ಸೆ

ಗಾರ್ದೊನೆಯ ಚೌಕದಲ್ಲಿ ನಿಂತು ಯಾವುದಾದರೂ ಒಂದು ಮನೆತನದ ಹೆಸರು ಕೂಗಿ ನೋಡಿ, ಹತ್ತು ಜನ ತಿರುಗಿ ನೋಡುತ್ತಾರೆ. ಹೆಸರುಗಳು ಕಡಿಮೆ, ಜನ ಜಾಸ್ತಿ. ಅದಕ್ಕೇ ಇಟಲಿಯ ಈ ನಮ್ಮ ಬಂದೂಕಿನ ಕಣಿವೆಯಲ್ಲಿ ಪ್ರತಿ ಮನೆಗೂ ಒಂದು ಅಡ್ಡಹೆಸರು ಅಂಟಿಕೊಂಡಿರುತ್ತದೆ. ಅಂಚೆಯವನು ಕೇಳುವುದೂ ಅದನ್ನೇ, ಪಾದ್ರಿ ಬಾಯಲ್ಲಿ ಬರುವುದೂ ಅದೇ. ಫೌಸ್ತಿನಾಳ ತವರಿನ ಅಡ್ಡಹೆಸರು ‘ಲ್ಯೂಮ್’. ಲ್ಯೂಮ್ ಎಂದರೆ ನಮ್ಮ ಮಾತಿನಲ್ಲಿ ಬುಡ್ಡಿದೀಪ. ಬೆಳಕು ಎನ್ನುವುದಕ್ಕೂ ಅದೇ ಪದ. ಅವಳಪ್ಪ ಮೇಲ್ಕಣಿವೆಯ ಕಬ್ಬಿಣದ ಗಣಿಯಲ್ಲಿ ದೀಪಗಳಿಗೆ ಎಣ್ಣೆ ಹಾಕಿ, ಬತ್ತಿ ತೀಡಿ, ಇಳಿಯುವವರ ಕೈಗೆ ಕೊಡುವ ಕೆಲಸದಲ್ಲಿದ್ದ. ಸಂಜೆ ಎಲ್ಲ ದೀಪಗಳೂ ಮರಳಿ ಬಂದರೆ ಮಾತ್ರ ಅವನು ಮನೆಗೆ ಬಂದು ಉಣ್ಣುತ್ತಿದ್ದ.

ಮಗಳಿಗೂ ಆ ಬುಡ್ಡಿ ಬಿಡಲಿಲ್ಲ. ಫೌಸ್ತಿನಾಳ ಕೆಲಸವೆಂದರೆ ಉಕ್ಕಿಗೆ ಉಕ್ಕನ್ನು ಕೂರಿಸುವುದು. ಸೀಮೆಎಣ್ಣೆ ಬುಡ್ಡಿಯ ಬತ್ತಿಯನ್ನು ಬೇಕೆಂದೇ ಹೊಗೆಯಾಡುವಷ್ಟು ಎತ್ತಿ, ಒಂದು ತುಂಡನ್ನು ಆ ಹೊಗೆಯ ಮೇಲೆ ಹಿಡಿಯುವುದು. ಅದಕ್ಕೆ ತೆಳ್ಳಗೆ ಮಸಿ ಕೂರುತ್ತದೆ. ಅದನ್ನು ಇನ್ನೊಂದರೊಳಗೆ ಸೇರಿಸಿ ತೆಗೆದರೆ ಎಲ್ಲಿ ಉಜ್ಜಿದೆಯೋ ಅಲ್ಲಿ ಮಸಿ ಹೋಗಿ ಉಕ್ಕು ಮಿನುಗುತ್ತದೆ. ಆ ಮಿನುಗಿನ ಮೇಲೆ ಉಕ್ಕು ತೀಡುವ ಅರದಿಂದ ಒಂದೇ ಒಂದು ಎಳೆತ. ಮತ್ತೆ ಮಸಿ, ಮತ್ತೆ ಅರ. ಹೀಗೆ ನೂರು ಸಲ, ಕೆಲವೊಮ್ಮೆ ಮುನ್ನೂರು. ಎಷ್ಟು ಸಾಬೂನು ಹಾಕಿ ತಿಕ್ಕಿದರೂ ಅವಳ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಅದಕ್ಕೆಂದೇ ಭಾನುವಾರದ ಪೂಜೆಗೆ ಅವಳು ಆಗಸ್ಟಿನ ಸೆಕೆಯಲ್ಲೂ ಕೈಗವಸು ಹಾಕಿಕೊಂಡು ಹೋಗುತ್ತಿದ್ದಳು. ಹಿಂದಿನ ಬೆಂಚಿನ ಹೆಂಗಸರು ಮೂಗು ಮುರಿದು ‘ನೋಡ್ರೇ, ದೊರೆಸಾನಿ ಬಂದ್ಲು’ ಎಂದು ಪಿಸುಗುಟ್ಟುತ್ತಿದ್ದರು. ಕೈಗವಸಿನೊಳಗೆ ಏನಿದೆಯೆಂದು ಅವರಿಗೂ ಗೊತ್ತಿತ್ತು.

ಬೊರ್ತೊಲೊನ ಬಂದೂಕಿನ ಕಾರ್ಖಾನೆಗೆ ಅವಳು ಸೇರಿದ್ದು ಹದಿನೆಂಟನೆಯ ವಯಸ್ಸಿಗೆ, ಪಾಲಿಷ್ ಉಜ್ಜಲು. ಹೆಂಗಸರಿಗೆ ಕೊಡುತ್ತಿದ್ದುದೇ ಆ ಕೆಲಸ. ಅರ ಗಂಡಸರದು. ಒಂದು ದಿನ ಬೊರ್ತೊಲೊ ಮುಗಿದ ಬಂದೂಕೊಂದನ್ನು ಎತ್ತಿ, ನಳಿಗೆ ಕೂರುವ ಕೀಲನ್ನು ಕಿಟಕಿಗೆ ಹಿಡಿದು ನೋಡಿದ. ಇದು ಅವನ ನಿತ್ಯದ ಪದ್ಧತಿ. ಕೀಲಿನ ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಆ ಬಂದೂಕು ಮತ್ತೆ ಅರದ ಮೇಜಿಗೆ ಹೋಗಬೇಕು. ಇದರಲ್ಲಿ ಬೆಳಕಿನ ಸುಳಿವೇ ಇರಲಿಲ್ಲ.

“ಯಾರು ಕೂರ್ಸಿದ್ದು ಇದನ್ನ?” ಎಂದು ಕೇಳಿದ.

ಆರು ಜನ ಗಂಡಸರು ತಮ್ಮ ತಮ್ಮ ಬೂಟು ನೋಡಿಕೊಂಡರು. ಬೇರೊಬ್ಬ ಸಡಿಲ ಬಿಟ್ಟು ಹೋಗಿದ್ದ ಕೀಲನ್ನು ಪಾಲಿಷ್ ಹುಡುಗಿ ಊಟದ ಹೊತ್ತಿನಲ್ಲಿ ಸದ್ದಿಲ್ಲದೆ ಸರಿ ಮಾಡಿದ್ದಳು. ಬೊರ್ತೊಲೊ “ಹ್ಞೂಂ” ಎಂದ. ಅವನ ಬಾಯಿಂದ ಬರುವ ಹೊಗಳಿಕೆ ಅಷ್ಟೇ. ಹೆಂಡತಿಯ ಅಡುಗೆಗೂ ಅದೇ, ಬಿಷಪ್ಪರ ಉಪದೇಶಕ್ಕೂ ಅದೇ. ಮಾರನೆಯ ದಿನದಿಂದ ಫೌಸ್ತಿನಾ ಅರದ ಮೇಜಿಗೆ ಬಂದಳು. ಎರಡು ವರ್ಷ ಬಿಟ್ಟು ಬೊರ್ತೊಲೊನ ಒಬ್ಬನೇ ಮಗ, ಬಸ್ಸು ಓಡಿಸುವ ಜಾಕೊಮೊ, ಅವಳನ್ನು ಮದುವೆಯಾದ. ಒಳ್ಳೆಯ ಅರ ಬೇರೆ ಕಾರ್ಖಾನೆಗೆ ಹೋಗದಿರಲಿ ಎಂದು ಮುದುಕ ಮಗನನ್ನು ಕೊಟ್ಟ ಎಂದು ಊರೆಲ್ಲ ನಕ್ಕಿತು. ಜಾಕೊಮೊ ಕೂಡ ಹಾಗೇ ಹೇಳಿಕೊಂಡು ತಿರುಗುತ್ತಿದ್ದ, ಬಲು ಖುಷಿಯಿಂದ.

ಅಂದಿನಿಂದ ಇಪ್ಪತ್ತೆಂಟು ವರ್ಷ ಅವಳು ಕೂರಿಸಿದ ಬಂದೂಕುಗಳೆಲ್ಲ ಬೊರ್ತೊಲೊನ ಠಸ್ಸೆ ಹೊತ್ತುಕೊಂಡು ಹೊರಗೆ ಹೋದವು. ಅವನ ಠಸ್ಸೆ, ಅಂದರೆ ಮಾಡಿದವರ ಗುರುತಾಗಿ ಉಕ್ಕಿಗೆ ಒತ್ತುವ ಅಚ್ಚು, ಒಂದು ಪುಟ್ಟ ಗಂಟೆ. ಅಳಿಯಂದಿರಿಗೆ, ಸೋದರಳಿಯಂದಿರಿಗೆ, ಕುಡಿದು ಬರುವ ಪಕ್ಕದ ಮನೆಯವನಿಗೆ ಕೂಡ ನಮ್ಮ ಕಣಿವೆಯಲ್ಲಿ ಸ್ವಂತ ಠಸ್ಸೆ ಇತ್ತು. ಹೆಂಗಸರಿಗೆ ಇರಲಿಲ್ಲ. ಒಂದು ಸಲ ಅವಳು ಬಾಯಿಬಿಟ್ಟು ಕೇಳಿದ್ದಳು.

“ಕೊಡೋದಕ್ಕೇನು? ಕೊಡ್ತೀನಿ” ಎಂದಿದ್ದ ಮಾವ. “ಮೊದಲಿಂದ ಕೊನೇವರ್ಗೂ ನೀನೊಬ್ಳೇ ಮಾಡಿರೋದು ಒಂದು ಈ ಬಾಗಿಲು ದಾಟ್ಲಿ. ದಾಟಿದ್ದು ಮರಳಿ ಬರಬಾರ್ದು. ಅಷ್ಟೇ.”

ಮರಳಿ ಬರುವುದು ಎಂದರೆ ನಮ್ಮಲ್ಲಿ ಬೈಗುಳಕ್ಕಿಂತ ಹೆಚ್ಚು. ‘ಅವನದು ಮರಳಿ ಬಂತಂತೆ’ ಎಂದರೆ ಮುಗಿಯಿತು, ಆ ಮನುಷ್ಯ ಒಂದು ತಿಂಗಳು ಇಸ್ಪೀಟಿನ ಮೇಜಿಗೆ ಬರುವುದಿಲ್ಲ. ಫೌಸ್ತಿನಾ ಅಂದೇ ಒಂದು ಉಕ್ಕಿನ ಉಳಿಯ ತುದಿಯಲ್ಲಿ ಬುಡ್ಡಿದೀಪದ ಅಚ್ಚು ಕೆತ್ತಿ, ಹದ ಹಾಕಿ, ಬುಡ್ಡಿ ಒರೆಸುವ ಬಟ್ಟೆಯಲ್ಲಿ ಸುತ್ತಿ ಮೆಕ್ಕೆಜೋಳದ ಹಿಟ್ಟಿನ ಡಬ್ಬದ ತಳದಲ್ಲಿ ಹೂತಿಟ್ಟಳು. ಹನ್ನೊಂದು ವರ್ಷ ಆ ಮನೆಯ ಪೊಲೆಂಟಾ, ನಮ್ಮ ದಿನನಿತ್ಯದ ಮುದ್ದೆ, ಆ ಡಬ್ಬದಿಂದಲೇ ಆಯಿತು.

ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರ ಜೂನ್ ತಿಂಗಳಲ್ಲಿ ಫಿರ್ಮೊ ಬಂದ. ಪಕ್ಕದ ಕಣಿವೆಯ ಕ್ಷೌರಿಕ, ಮೂವತ್ತೈದರ ಆಸುಪಾಸಿನವನು, ಕತ್ತಿ ಹಿಡಿದು ಹಿಡಿದು ಕಲ್ಲಿನ ಹಾಗೆ ನಿಲ್ಲುವ ಕೈ. ಪಿಸ್ತೂಲು ಸ್ಪರ್ಧೆಗಳಲ್ಲಿ ಅವನ ಹೆಸರು ಆಗಲೇ ಓಡಾಡುತ್ತಿತ್ತು. ಪೆಟ್ಟಿಗೆ ತೆರೆದು ತನ್ನ ಪಿಸ್ತೂಲನ್ನು ಮೇಜಿನ ಮೇಲಿಟ್ಟ.

“ಯಜಮಾನ್ರೇ, ಇವಳಿಗೆ ಇನ್ನೊಂದು ತಲೆ ಬೇಕು” ಎಂದ.

“ಒಂದು ತಲೆ ಇರೋರನ್ನ ಸಂಭಾಳ್ಸೋದೇ ಕಷ್ಟ” ಎಂದ ಬೊರ್ತೊಲೊ, ಸೊಸೆಯ ಕಡೆ ನೋಡುತ್ತ.

ವಿಷಯ ಇಷ್ಟು. ಅಕ್ಟೋಬರಿನ ರಾಷ್ಟ್ರೀಯ ಸ್ಪರ್ಧೆಯಲ್ಲಿ ಬೆಳಗ್ಗೆ ಸಣ್ಣ ತೋಟಾದ ಆಟ, ಅಳತೆ ಇಪ್ಪತ್ತೆರಡು. ಮಧ್ಯಾಹ್ನ ದಪ್ಪ ತೋಟಾದ ಆಟ, ಮೂವತ್ತೆರಡು. ಎಲ್ಲರೂ ಎರಡು ಪಿಸ್ತೂಲು ಇಟ್ಟುಕೊಳ್ಳುತ್ತಾರೆ. ಫಿರ್ಮೊನ ಪಿಸ್ತೂಲಿಗೆ ಇದ್ದ ಆಕ್ರೋಟು ಮರದ ಹಿಡಿಯನ್ನು ಅವನೇ ತನ್ನ ಅಂಗೈಗೆ ತಕ್ಕಂತೆ ನಾಲ್ಕು ವರ್ಷ ಕೆರೆದು ಕೆರೆದು ಮಾಡಿಕೊಂಡಿದ್ದ. ಬೇರೆ ಯಾವ ಹಿಡಿ ಹಿಡಿದರೂ ಅವನ ಕೈ ಮುನಿಸಿಕೊಳ್ಳುತ್ತಿತ್ತು. ಹಿಡಿ ಅದೇ ಇರಬೇಕು, ಬೆರಳು ಒತ್ತುವ ಕುದುರೆ ಅದೇ ಇರಬೇಕು. ಮೇಲಿನ ಅರ್ಧವನ್ನು ಮಾತ್ರ ಕಳಚಿ, ಮೂವತ್ತೆರಡರ ನಳಿಗೆಯಿರುವ ಇನ್ನೊಂದು ಅರ್ಧ ಕೂರಿಸುವಂತಿರಬೇಕು.

“ಬೆಳಗ್ಗೆಯಿಂದ ಸಾಯಂಕಾಲದವರ್ಗೂ ನನ್ನ ಕೈಗೆ ತಲೆ ಬದಲಾಗಿದ್ದೇ ಗೊತ್ತಾಗಬಾರ್ದು” ಎಂದ ಫಿರ್ಮೊ.

“ನಾವು ಹಕ್ಕಿ ಹೊಡೆಯೋ ಬಂದೂಕು ಮಾಡೋರಪ್ಪ. ಕಾಗದಕ್ಕೆ ತೂತು ಮಾಡೋ ಆಟದ ಸಾಮಾನು ನಮ್ಮ ಹತ್ರ ಇಲ್ಲ.”

“ನಾನ್ ಮಾಡ್ತೀನಿ” ಎಂದಳು ಫೌಸ್ತಿನಾ, ಅರದಿಂದ ಕಣ್ಣೆತ್ತದೆ.

ಮುದುಕ ಅವಳ ಕಡೆ ತಿರುಗಿದ. “ಒಬ್ಳೇನಾ?”

“ಒಬ್ಳೇ. ಬಾಗಿಲು ದಾಟೋವರ್ಗೂ.”

ಏನು ಕೇಳುತ್ತಿದ್ದಾಳೆಂದು ಅವನಿಗೆ ಅರ್ಥವಾಯಿತು. “ಹೇಳಿದ ಮಾತು ಹೇಳಿದ್ದೇ” ಎಂದು ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋದ.

ಆ ಬೇಸಿಗೆ ಫೌಸ್ತಿನಾ ಪಟ್ಟ ಪಾಡನ್ನು ನಾನು ಸುಮ್ಮನೆ ಹೊಗಳುತ್ತಿಲ್ಲ, ಕಣ್ಣಾರೆ ನೋಡಿದವರು ಊರಲ್ಲಿ ಈಗಲೂ ಇದ್ದಾರೆ. ಒರಟು ಉಕ್ಕಿನ ದಿಮ್ಮಿಯಿಂದ ಶುರು ಮಾಡಿದಳು. ಹೊಸ ತಲೆ ಹಳೆಯದರಷ್ಟೇ ತೂಗಬೇಕಿತ್ತು, ಇಲ್ಲದಿದ್ದರೆ ಕೈಗೆ ಗೊತ್ತಾಗುತ್ತದೆ. ಕಾರ್ಖಾನೆಯ ತಕ್ಕಡಿ ಒರಟು. ಊರಿನಲ್ಲಿ ನಂಬಬಹುದಾದ ತಕ್ಕಡಿ ಒಂದೇ, ಸಾಂತೀನಾಳ ಚೀಸಿನ ಅಂಗಡಿಯದು. ಫೌಸ್ತಿನಾ ನಳಿಗೆಯನ್ನು ಎಣ್ಣೆ ಕಾಗದದಲ್ಲಿ ಸುತ್ತಿಕೊಂಡು ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದಳು. ಸಾಂತೀನಾ ತೂಗಿ, ಮೂವತ್ತು ವರ್ಷದ ಅಭ್ಯಾಸಬಲದಿಂದ ಕೇಳುತ್ತಿದ್ದಳು:

“ಹನ್ನೆರಡು ಗ್ರಾಂ ಜಾಸ್ತಿ ಇದೆ, ಇರ್ಲಾ?”

“ಬೇಡಮ್ಮಾ, ಕೆರ್ಕೊಂಡ್ ಬರ್ತೀನಿ.”

ಇಡೀ ಸಾಲು ನಗುತ್ತಿತ್ತು. ಆರನೆಯ ಸಲ ಮುಳ್ಳು ಸರಿಯಾಗಿ ನಿಂತಾಗ ಅದೇ ಸಾಲು ಚಪ್ಪಾಳೆ ತಟ್ಟಿತು.

ನಳಿಗೆಗಿಂತ ಕಷ್ಟದ್ದು ಅಗುಳಿ. ಬಾಗಿಲಿನ ಅಗುಳಿಯ ಹಾಗೆ ತನ್ನ ಜಾಡಿನಲ್ಲಿ ಓಡಾಡುವ ಉಕ್ಕಿನ ತುಂಡು ಅದು. ಗುಂಡು ಹಾರಿದಾಗ ಹಿಂದಕ್ಕೆ ಜಾರಿ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ, ಹೊಸ ತೋಟಾವನ್ನು ತಳ್ಳಿಕೊಂಡು ಮುಂದಕ್ಕೆ ಬರುತ್ತದೆ. ಹಳೆಯ ತಲೆಯಲ್ಲಿ ಅದು ಸಡಿಲವಾಗಿತ್ತು. ಎಲ್ಲೋ ದೂರದ ದೊಡ್ಡ ಕಾರ್ಖಾನೆಯ ಯಂತ್ರ ಮಾಡಿದ್ದು, ಜಾಡಿನ ಪಕ್ಕದಲ್ಲಿ ಬೆಳಕು ಎದ್ದು ಕಾಣುತ್ತಿತ್ತು. ಫೌಸ್ತಿನಾಳಿಗೆ ಅದನ್ನು ನೋಡಿ ಅಸಹ್ಯವಾಯಿತು. ತನ್ನ ಅಗುಳಿಯನ್ನು ಬುಡ್ಡಿಯ ಮಸಿ ಹಚ್ಚಿ ಹಚ್ಚಿ, ನಾಲ್ಕು ಮಗ್ಗುಲೂ ಒಂದೇ ಸಮ ಮಿನುಗುವ ತನಕ ಬಿಡಲಿಲ್ಲ. ಎಣ್ಣೆ ಸವರಿ ತಳ್ಳಿದರೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ಸದ್ದಿಲ್ಲದೆ ಜಾರುತ್ತಿತ್ತು.

ಸೆಪ್ಟೆಂಬರಿನಲ್ಲಿ ಅದು ಸರ್ಕಾರಿ ಪರೀಕ್ಷಾಶಾಲೆಗೆ ಹೋಗಿ, ಹೆಚ್ಚು ಮದ್ದಿನ ತೋಟಾಗಳ ಏಟು ತಿಂದು, ಮುದ್ರೆ ಹಾಕಿಸಿಕೊಂಡು ಬಂತು. ಬೊರ್ತೊಲೊ ಕಿಟಕಿಗೆ ಹಿಡಿದು ನೋಡಿದ. ಅವನ ಕಣ್ಣಿಗೆ ಪೊರೆ ಬರುತ್ತಿದ್ದ ಕಾಲ, ಆದರೂ ಬೆಳಕಿನ ವಿಷಯದಲ್ಲಿ ಅವನಿಗೆ ಮೋಸ ಮಾಡಲು ಆಗುತ್ತಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದ. ಎಲ್ಲೂ ಇಲ್ಲ.

“ಹ್ಞೂಂ. ಹ್ಞೂಂ” ಎಂದ. ಎರಡು ಸಲ! ಊರಲ್ಲಿ ಯಾರಿಗೂ ಎರಡು ಸಲ ಸಿಕ್ಕಿದ್ದಿಲ್ಲ.

“ಠಸ್ಸೆ?” ಎಂದಳು ಫೌಸ್ತಿನಾ.

“ಮೊದ್ಲು ಅವನು ಹೊಡೀಲಿ. ಒಂದು ಆಟ ಪೂರ್ತಿ ಆಗ್ಲಿ.”

ಭಾನುವಾರ ಅಭ್ಯಾಸದ ಆಟ ನೋಡಲು ಗುಂಡಿನ ಅಂಗಳಕ್ಕೆ ಅವಳೂ ಹೋದಳು, ಕೈಗವಸು ಹಾಕಿಕೊಂಡೇ. ಆಟ ಅರವತ್ತು ಗುಂಡಿನದು. ಮೊದಲ ಮೂವತ್ತು ನಿಧಾನಕ್ಕೆ ಹೊಡೆಯುವಂಥವು. ಮೂವತ್ತೂ ಮುಗಿದಾಗ ಗುರಿಯ ಕಾಗದದ ನಡುವೆ ಒಂದು ಹರಕು ತೂತು, ಮುಷ್ಟಿಯಲ್ಲಿ ಮುಚ್ಚುವಷ್ಟು ಸಣ್ಣದು. ಅಕ್ಕಪಕ್ಕದ ಸ್ಪರ್ಧಿಗಳು ತಮ್ಮ ಆಟ ಬಿಟ್ಟು ನೋಡಲು ಬಂದರು. ಫೌಸ್ತಿನಾಳ ಎದೆ ಉಬ್ಬಿ ಬಂತು. ಯಾರಾದರೂ ‘ಇದು ಯಾರ ಕೈ’ ಎಂದು ಕೇಳಲಿ ಎಂದು ಅವಳು ಆಸೆಯಿಂದ ಕಾಯುತ್ತಿದ್ದಳು.

ಆಮೇಲೆ ವೇಗದ ಮೂವತ್ತು. ಗುರಿ ಮೂರು ಸೆಕೆಂಡು ಮುಖ ತೋರಿಸಿ ತಿರುಗಿಕೊಳ್ಳುತ್ತದೆ, ಅಷ್ಟರಲ್ಲಿ ಹೊಡೆಯಬೇಕು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಅಗುಳಿ ಹಿಂದೆ ಹೋಯಿತು, ಮುಂದೆ ಬರಲಿಲ್ಲ. ಅರ್ಧದಲ್ಲೇ ಸಿಕ್ಕಿಕೊಂಡು ನಿಂತಿತು. ಫಿರ್ಮೊ ಹೆಬ್ಬೆರಳಿನಿಂದ ತಳ್ಳಿದ. ಇನ್ನೊಂದು ಹಾರಿತು, ಮತ್ತೆ ನಿಂತಿತು. ಗುರಿ ಮುಖ ತೋರಿಸುತ್ತ ತಿರುಗುತ್ತ ಇತ್ತು, ಅವನು ಖಾಲಿ ಕೈಯಲ್ಲಿ ನಿಂತವನಂತೆ ನಿಂತಿದ್ದ.

ಸೋಮವಾರ ಬೆಳಗ್ಗೆ ಅವನು ಪೆಟ್ಟಿಗೆಯೊಂದಿಗೆ ಕಾರ್ಖಾನೆಯ ಬಾಗಿಲಲ್ಲಿದ್ದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಅಕ್ಕ, ಸ್ಪರ್ಧೆಗೆ ಇನ್ನು ಹದಿನೆಂಟು ದಿನ ಇದೆ” ಎಂದಷ್ಟೇ ಹೇಳಿದ.

“ಮರಳಿ ಬಂತು” ಎಂದ ಬೊರ್ತೊಲೊ, ಒಳಗಿನಿಂದ.

ಫೌಸ್ತಿನಾ ಪೆಟ್ಟಿಗೆ ತೆರೆದಳು. ಅಗುಳಿ ಬಿಚ್ಚಿ ಮೇಜಿನ ಮೇಲಿಟ್ಟು ನೋಡಿದಳು. ಬುಡ್ಡಿ ಹಚ್ಚುವ ಅಗತ್ಯವೇ ಇರಲಿಲ್ಲ, ಪಿಸ್ತೂಲು ತಾನೇ ತನಗೆ ಮಸಿ ಬಳಿದುಕೊಂಡಿತ್ತು. ಮೂವತ್ತೆರಡರ ಗುಂಡು ಬರಿಯ ಸೀಸ, ಮೈತುಂಬ ಮೇಣ. ಹೊಗೆಯೂ ಮೇಣವೂ ಸೇರಿ ಅಂಟು ಕಪ್ಪಾಗಿ ನಾಲ್ಕು ಮಗ್ಗುಲಿಗೂ ಒಂದೇ ಸಮ ಕೂತಿತ್ತು. ಅವಳಿಗೆ ಆಗ ಹೊಳೆಯಿತು. ಹಕ್ಕಿ ಬಂದೂಕಿಗೆ ದಿನಕ್ಕೆ ಹತ್ತು ಗುಂಡು, ನಡುನಡುವೆ ಗಾಳಿ, ಸಂಜೆ ಒರೆಸುವಿಕೆ. ಅದರ ಕೀಲಿಗೆ ಬೆಳಕು ದಾಟದಿದ್ದರೆ ಅದು ಹೆಚ್ಚುಗಾರಿಕೆ. ಇದು ಒಂದೇ ಉಸಿರಿಗೆ ಅರವತ್ತು ಹೊಡೆಯುವ ಜೀವ. ಇದರ ಮಸಿಗೂ ನಿಲ್ಲಲು ಒಂದು ಜಾಗ ಬೇಕು. ಆ ದೂರದ ಯಂತ್ರ ಬಿಟ್ಟ ಸಂದಿ ಸೋಮಾರಿತನವಲ್ಲ, ಬೇಕೆಂದೇ ಬಿಟ್ಟದ್ದು. ಇಡೀ ಇಟಲಿಯಲ್ಲಿ ಇಷ್ಟು ಚೆನ್ನಾಗಿ ಕೂರಿಸಿ ಕೆಡಿಸಲು ನಮ್ಮ ಕಣಿವೆಯವರಿಗೆ ಮಾತ್ರ ಸಾಧ್ಯ.

ಅರ ಕೈಗೆತ್ತಿಕೊಂಡಳು. ಮಾವ ಬಂದು ಮೇಜಿನ ಎದುರು ನಿಂತ.

“ಏನ್ ಮಾಡ್ತಿದೀಯ?”

“ಸಂದಿ ಬಿಡ್ತಿದೀನಿ.”

“ಬೆಳಕು ಕಾಣುತ್ತೆ.”

“ಕಾಣ್ಲಿ.”

“ಹುಡ್ಗೀ, ಐವತ್ತೆರಡು ವರ್ಷ ಆಯ್ತು ಈ ಬಾಗಿಲು ತೆಗೆದು. ಬೆಳಕು ಕಾಣೋ ಒಂದು ಕೀಲೂ ಇಲ್ಲಿಂದ ಹೋಗಿಲ್ಲ. ಇದರ ಮೇಲೆ ನನ್ನ ಗಂಟೆ ಬೀಳಲ್ಲ.”

“ನಿಮ್ಮ ಗಂಟೆ ಕೇಳ್ಲಿಲ್ಲ ಮಾವ.”

“ನಿನ್ನ ಠಸ್ಸೇನೂ ಇಲ್ಲ. ಮರಳಿ ಬಂದಿದೆ. ಈಗ್ಲೂ ಕಾಲ ಮಿಂಚಿಲ್ಲ. ಇದನ್ನ ಹೀಗೇ ಬಿಟ್ಟು, ಒರೆಸ್ಕೊಂಡು ಹೊಡಿ ಅಂತ ಅವನಿಗೆ ಹೇಳು. ತಪ್ಪು ಅವನ ತೋಟಾದ್ದು ಅಂತೀನಿ, ನಿನ್ನ ಕೆಲಸ ಸರಿಯಾಗೇ ಇದೆ ಅಂತೀನಿ. ಠಸ್ಸೆ ಹೊಡ್ಕೋ.”

ಮುದುಕನ ದನಿಯಲ್ಲಿ ಮೋಸವಿರಲಿಲ್ಲ. ಅವನು ನಿಜಕ್ಕೂ ಹಾಗೇ ನಂಬಿದ್ದ, ಅವನ ಲೆಕ್ಕಕ್ಕೆ ಅದು ಔದಾರ್ಯ ಕೂಡ. ಹನ್ನೊಂದು ವರ್ಷ ಹಿಟ್ಟಿನಡಿ ಕಾದಿದ್ದ ಉಳಿ ಫೌಸ್ತಿನಾಳ ಕಣ್ಣ ಮುಂದೆ ಬಂತು.

“ಬೇಡ ಮಾವ” ಎಂದಳು. “ಓಡದೇ ಇರೋದಕ್ಕೆ ನನ್ನ ಹೆಸರು ಯಾಕೆ?”

ಅರ ಎಳೆದಳು. ಎಷ್ಟೋ ವರ್ಷ ಬೆಳಕನ್ನು ಹೊರಗಿಟ್ಟ ಕೈ ಅವತ್ತು ಬೆಳಕನ್ನು ಒಳಗೆ ಬಿಟ್ಟುಕೊಂಡಿತು. ಅದೂ ಸುಲಭದ ಕೆಲಸವಲ್ಲ. ಹೆಚ್ಚಾದರೆ ಅಗುಳಿ ಅಲ್ಲಾಡಿ ಗುರಿ ಕೆಡುತ್ತದೆ, ಕಡಿಮೆಯಾದರೆ ಮತ್ತೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಅಂಚನ್ನು ಮುಟ್ಟಲೇ ಇಲ್ಲ, ಪಕ್ಕದ ಎರಡು ಅಂಚಿಗೆ ಅರ್ಧ ಕೂದಲಿನಷ್ಟು ಸಂದಿ ಕೊಟ್ಟಳು. ಒಂಬತ್ತು ದಿನ ಹಿಡಿಯಿತು. ಫಿರ್ಮೊ ತನ್ನ ಪಿಸ್ತೂಲು ತೆಗೆದುಕೊಂಡು ಹೋದ, ಠಸ್ಸೆಯಿಲ್ಲದ ತಲೆಯೊಂದಿಗೆ. ಮಾವ ಸೊಸೆ ಒಂದೇ ಮೇಜಿನಲ್ಲಿ ಪೊಲೆಂಟಾ ತಿನ್ನುತ್ತಿದ್ದರು, ಮಾತಿಲ್ಲ. ಉಪ್ಪು ಬೇಕಾದರೆ ಜಾಕೊಮೊನ ಮೂಲಕ ಕೇಳುತ್ತಿದ್ದರು. “ನಾನು ಊರಿನ ಬಸ್ಸು ಓಡಿಸೋದು ಸಾಲ್ದು ಅಂತ ಮನೇಲಿ ಉಪ್ಪಿನ ಬಸ್ಸು ಬೇರೆ” ಎಂದು ಅವನು ಗೊಣಗುತ್ತಿದ್ದ.

ಅಕ್ಟೋಬರಿನ ಒಂದು ಶನಿವಾರ ಬೆಳಗ್ಗೆ ಫಿರ್ಮೊ ಮತ್ತೆ ಬಾಗಿಲಲ್ಲಿ ನಿಂತ, ಅದೇ ಪೆಟ್ಟಿಗೆ ಕಂಕುಳಲ್ಲಿ. ಫೌಸ್ತಿನಾ ಅರ ಕೆಳಗಿಟ್ಟಳು.

“ಮತ್ತೆ ಮರಳಿ ಬಂತಾ?” ಎಂದ ಬೊರ್ತೊಲೊ.

“ಬಂತು ಯಜಮಾನ್ರೇ. ಆದ್ರೆ ಕೆಟ್ಟು ಬಂದಿಲ್ಲ, ಹೆಸರು ಕೇಳ್ಕೊಂಡು ಬಂದಿದೆ.”

ಫಿರ್ಮೊ ನಿಂತಲ್ಲೇ ಕತೆ ಹೇಳಿದ. ಬೆಳಗ್ಗೆ ಇಪ್ಪತ್ತೆರಡರ ಅರವತ್ತು, ಮಧ್ಯಾಹ್ನ ಮೂವತ್ತೆರಡರ ಅರವತ್ತು. ಒಂದು ಸಲವೂ ಒರೆಸಿರಲಿಲ್ಲ, ಒಂದು ಸಲವೂ ನಿಲ್ಲಲಿಲ್ಲ. ಬೆಳಗ್ಗೆ ನಾಲ್ಕನೆಯವನು, ಮಧ್ಯಾಹ್ನ ಎರಡನೆಯವನು. ಆಟ ಮುಗಿದ ಮೇಲೆ ಆಯುಧ ತಪಾಸಣೆಯ ಅಧಿಕಾರಿ ಕುದುರೆಗೆ ತೂಕದ ಕಲ್ಲು ತೂಗುಹಾಕಿ ನೋಡಿ, ಎರಡು ತಲೆಯನ್ನೂ ಅಂಗೈಯಲ್ಲಿ ಬದಲಾಯಿಸಿ ಬದಲಾಯಿಸಿ ನೋಡಿ, ಯಾರು ಮಾಡಿದ್ದು ಎಂದು ಕೇಳಿದನಂತೆ.

“ತಿರುಗ್ಸಿ ನೋಡಿದ, ಸರ್ಕಾರದ ಮುದ್ರೆ ಬಿಟ್ರೆ ಏನೂ ಇಲ್ಲ. ಅನಾಥ ಮಗೂನಾ ಇದು ಅಂತ ಕೇಳ್ದ. ನಂಗೆ ನಾಚ್ಕೆ ಆಯ್ತು. ಅಕ್ಕ, ಹೆಸರು ಹಾಕ್ಕೊಡಿ.”

ಫೌಸ್ತಿನಾ ಮಾವನನ್ನು ನೋಡಿದಳು. ಮುದುಕ ಪೆಟ್ಟಿಗೆಯಿಂದ ತಲೆಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದ. ಅಗುಳಿಯ ಪಕ್ಕ, ಎಡಕ್ಕೊಂದು ಬಲಕ್ಕೊಂದು, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾದ ಬೆಳಕಿನ ಎಳೆ. ಎಲ್ಲೂ ದಪ್ಪವಿಲ್ಲ, ಎಲ್ಲೂ ತೆಳುವಿಲ್ಲ. ಪೊರೆ ಬಂದ ಕಣ್ಣಿನಲ್ಲಿ ನೀರು ಬಂದದ್ದು ಬಿಸಿಲಿಗೆ ಎಂದು ಅವನು ಸಾಯುವ ತನಕ ಹೇಳುತ್ತಿದ್ದ.

“ಬೆಳಕನ್ನೂ ಅರದಲ್ಲೇ ತೀಡಿದಾಳೆ” ಎಂದ, ಯಾರಿಗೂ ಅಲ್ಲದೆ. ಆಮೇಲೆ ತಿರುಗಿ, “ಉಳಿ ತಗೊಂಬಾ. ಹಿಟ್ಟಿನ ಡಬ್ಬದಲ್ಲಿದೆ.”

ಫೌಸ್ತಿನಾ ಬೆಚ್ಚಿದಳು. “ನಿಮಗೆ ಹೆಂಗೆ...”

“ಹನ್ನೊಂದು ವರ್ಷದಿಂದ ಪೊಲೆಂಟಾ ಸೀಮೆಎಣ್ಣೆ ನಾರ್ತಾ ಇದೆ.”

ಅವಳು ಉಳಿ ತಂದಾಗ ಅದರ ಮೇಲೆ ಇನ್ನೂ ಹಳದಿ ಹಿಟ್ಟಿತ್ತು. ಸೊಂಟಕ್ಕೆ ಕಟ್ಟಿದ ಕೆಲಸದ ಬಟ್ಟೆಯಲ್ಲಿ ಒರೆಸಿದಳು.

“ಎಲ್ಲಿ ಹೊಡೀತೀಯ?” ಎಂದ ಬೊರ್ತೊಲೊ. “ನನ್ನ ಗಂಟೆ ಯಾವಾಗ್ಲೂ ಕೆಳಗೆ, ಮುಚ್ಚಿಹೋಗೋ ಕಡೆ.”

ಅವಳು ಬೆರಳಿಟ್ಟು ತೋರಿಸಿದಳು. ಹೊರಮೈಯಲ್ಲಿ, ಸಂದಿಯ ಪಕ್ಕದಲ್ಲೇ, ಬೆಳಕು ದಾಟುವ ಜಾಗದಲ್ಲಿ.

“ಅಲ್ಲಿ ಹೊಡೆದ್ರೆ ನೋಡೋರ ಕಣ್ಣೆಲ್ಲ ಬೆಳಕಿನ ಮೇಲೇ ಬೀಳುತ್ತೆ.”

“ಬೀಳ್ಲಿ ಅಂತಾನೇ ಮಾವ.”

ಠಸ್ಸೆಗೆ ಏಟು ಒಂದೇ ಬೀಳಬೇಕು, ಎರಡು ಬಿದ್ದರೆ ಅಚ್ಚು ಇಬ್ಬಗೆಯಾಗುತ್ತದೆ. ತುಂಡು ಅಲ್ಲಾಡದ ಹಾಗೆ ಒಬ್ಬರು ಹಿಡಿಯಬೇಕು. ಐವತ್ತೆರಡು ವರ್ಷ ಹೊಡೆಯುವ ಕಡೆಯಲ್ಲಿ ನಿಂತಿದ್ದ ಮುದುಕ ಅವತ್ತು ಸುತ್ತಿಕೊಂಡು ಮೇಜಿನ ಆ ಕಡೆಗೆ ಹೋದ, ಸೀಸದ ಹಾಸಿನ ಮೇಲೆ ತಲೆಯನ್ನಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದ.

“ಹಿಡ್ಕೊಂಡಿದೀನಿ” ಎಂದ. ಇಪ್ಪತ್ತೆಂಟು ವರ್ಷ ಅವಳನ್ನು ಹುಡುಗಿ ಎನ್ನುವುದು ಬಿಟ್ಟು ಬೇರೆ ಕರೆದವನಲ್ಲ. “ಹೊಡಿ, ಲ್ಯೂಮ್.”

ಒಂದೇ ಏಟು.

ಮಾರನೆಯ ದಿನ ಭಾನುವಾರ. ಫೌಸ್ತಿನಾ ಪೂಜೆಗೆ ಹೊರಟಳು. ಜಾಕೊಮೊ ಬಾಗಿಲಲ್ಲಿ ನಿಂತು “ಕೈಗವಸು ಮರ್ತೆ” ಎಂದ.

“ಮರ್ತಿಲ್ಲ” ಎಂದು ಅವಳು ಬೀದಿಗೆ ಇಳಿದಳು.